ಮುರಿಯಲ್ಲ, ಆದರೆ ಜೋಲುತ್ತೆ: ಬಸಿಗಾಲುವೆ ಸೇತುವೆಯ ರಿಪೇರಿ ಲೆಕ್ಕ

ನಮ್ಮ ಮನೆಗೂ ಕಬ್ಬಿನ ಗದ್ದೆಗೂ ನಡುವೆ ಒಂದು ಬಸಿಗಾಲುವೆ ಇದೆ. ಊರು ಮಂಡ್ಯದ ಹತ್ತಿರ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗಳಿಗೆ ಹರಿದು, ಮಿಕ್ಕಿದ್ದು ಬಸಿದು ಇಲ್ಲಿಗೆ ಬೀಳುತ್ತೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು, ನಾಲೆಗೆ ನೀರು ಬಿಟ್ಟಾಗ ಸೊಂಟದ ತನಕ. ಎರಡು ತೆಂಗಿನ ಬೊಡ್ಡೆ ಅಡ್ಡ ಹಾಕಿಕೊಂಡು ಓಡಾಡುತ್ತಿದ್ದೆವು. ಮೂರು ವರ್ಷಕ್ಕೊಮ್ಮೆ ಹೊಸ ಬೊಡ್ಡೆ. ಹೋದ ಮಳೆಗಾಲದಲ್ಲಿ ಒಂದು ಬೊಡ್ಡೆ ಒಳಗೇ ಲಡ್ಡು ಹಿಡಿದಿದ್ದು ಗೊತ್ತಾಗದೆ ಅಪ್ಪನ ಕಾಲು ಮೊಣಕಾಲಿನವರೆಗೂ ಇಳಿದು ಹೋಯ್ತು. ಮೂಳೆಗೆ ಏನೂ ಆಗಲಿಲ್ಲ, ಅಷ್ಟೇ ಪುಣ್ಯ.

ನಾನು ಓದಿದ್ದು ಸಿವಿಲ್ ಡಿಪ್ಲೊಮಾ. ಕೆಲಸ ಮೈಸೂರಲ್ಲಿ, ಅದೂ ಬಿಲ್ಲು ಬರೆಯೋ ಕೆಲಸ. ಹದಿನೈದು ವರ್ಷದಲ್ಲಿ ಒಂದು ತೊಲೆಯನ್ನೂ ಸ್ವಂತವಾಗಿ ಲೆಕ್ಕ ಹಾಕಿ ನಿಲ್ಲಿಸಿರಲಿಲ್ಲ. ಭಾನುವಾರ ಊರಿಗೆ ಬಂದಾಗ ಮಾಡಿದ್ದು ಇದು. ಎರಡು ಸಲ ಸರಿಯಾಗಿ ಎಡವಿದ್ದೇನೆ, ಅದನ್ನೂ ಬರೆದಿದ್ದೇನೆ.

ಫೆಬ್ರವರಿ 2, 2025. ಗುಜರಿ ಚಾನೆಲ್

ಕಾಲುವೆಯ ಅಗಲ 5.2 ಮೀಟರ್. ದಡದ ಮಣ್ಣು ಕುಸಿಯುತ್ತೆ, ಹಾಗಾಗಿ ಎರಡೂ ಕಡೆ ಹಿಂದೆ ಸರಿದು ಆಸರೆಯಿಂದ ಆಸರೆಗೆ 6 ಮೀಟರ್ ಇಟ್ಟುಕೊಂಡೆ. ಹೆಚ್ಚುಕಮ್ಮಿ 20 ಅಡಿ.

ಗುಜರಿ ಅಂಗಡಿಯಲ್ಲಿ 75 ಮಿಲಿಮೀಟರಿನ ಸಿ ಚಾನೆಲ್, ಅಂದರೆ ಇಂಗ್ಲಿಷಿನ ಸಿ ಆಕಾರದ ಉಕ್ಕಿನ ತೊಲೆ, ಎರಡು ಸಿಕ್ಕವು. ತಲಾ 6.4 ಮೀಟರ್, ತುಕ್ಕು ಮೇಲಷ್ಟೇ. ಮೀಟರಿಗೆ 6.8 ಕೆಜಿ ಲೆಕ್ಕದಲ್ಲಿ ಎರಡೂ ಸೇರಿ 87 ಕೆಜಿ, ಕೆಜಿಗೆ 52 ರೂಪಾಯಿ, ಒಟ್ಟು 4,524.

ಅಂಗಡಿಯಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಅಪ್ಪನ ಟಿವಿಎಸ್ ಎಕ್ಸ್‌ಎಲ್ ಸುಮಾರು 85 ಕೆಜಿ, ಅಪ್ಪ 65, ಹುಲ್ಲಿನ ಹೊರೆ 50. ಒಟ್ಟು 200 ಕೆಜಿ, ಅದೂ ಸರಿಯಾಗಿ ನಡುವೆ ನಿಂತರೆ. ಚಾನೆಲ್‌ಗೆ ಬರುವ ಒತ್ತಡ ಚದರ ಮಿಲಿಮೀಟರಿಗೆ 74 ನ್ಯೂಟನ್. ಕಬ್ಬಿಣ ಮಣಿಯೋದು 250ಕ್ಕೆ. ಮೂರು ಪಟ್ಟು ಜಾಸ್ತಿ ಶಕ್ತಿ ಇದೆ, ಸಾಕಲ್ವಾ ಅಂತ ದುಡ್ಡು ಕೊಟ್ಟೆ.

ಮೊದಲ ತಪ್ಪು ಇದೇ. ಮುರಿಯುತ್ತಾ ಅಂತ ನೋಡಿದೆ. ಎಷ್ಟು ಬಾಗುತ್ತೆ ಅಂತ ನೋಡಲೇ ಇಲ್ಲ. ಪಕ್ಕದಲ್ಲೇ 100 ಮಿಲಿಮೀಟರಿನ ಚಾನೆಲ್ ಕೂಡ ಬಿದ್ದಿತ್ತು. ಅದರ ತೂಕ ಮೂರನೇ ಒಂದು ಭಾಗ ಜಾಸ್ತಿ ಅಷ್ಟೇ, ಬಾಗದೆ ನಿಲ್ಲುವ ಗುಣ ಮಾತ್ರ ಎರಡೂವರೆ ಪಟ್ಟು. ಸಾವಿರದೈನೂರು ರೂಪಾಯಿ ಉಳಿಸಿದೆ ಅಂದುಕೊಂಡು ಮನೆಗೆ ಬಂದೆ.

ಫೆಬ್ರವರಿ 9. ಹಲಗೆ ಹಾಸಿದ್ದು

ಬಿದ್ದಿದ್ದ ನಮ್ಮದೇ ತೆಂಗಿನ ಮರ ಕೊಯ್ಯಿಸಿದೆ, ಕೂಲಿ 1,800. ಹಲಗೆ ಒಂದೂವರೆ ಇಂಚು ದಪ್ಪ, 6 ಇಂಚು ಅಗಲ, 37 ಹಲಗೆ. ತೆಂಗಿನಲ್ಲಿ ಹೊರಗಿನ ಕಪ್ಪು ಭಾಗವೇ ಗಟ್ಟಿ, ಒಳಗಿನ ಬಿಳಿ ಭಾಗ ಬೆಂಡು. ಬಿಳಿ ಇದ್ದ ಆರು ಹಲಗೆ ಪಕ್ಕಕ್ಕಿಟ್ಟು ಬೇರೆ ಕೊಯ್ಯಿಸಿದೆ.

ಎರಡು ಚಾನೆಲ್ 1 ಮೀಟರ್ ಅಂತರದಲ್ಲಿ, ಬೆನ್ನು ಹೊರಕ್ಕೆ. ಕೆಳಗೆ ಮೀಟರಿಗೊಂದರಂತೆ ಏಳು ಕಡೆ 40ರ ಎಲ್ ಆಂಗಲ್ ಅಡ್ಡ. ಹಲಗೆಗೆ ಬೋಲ್ಟು, 640 ರೂಪಾಯಿ. ಎರಡೂ ತುದಿಗೆ ಸೈಜುಗಲ್ಲು ಜೋಡಿಸಿ ಅದರ ಮೇಲೆ ಕೂರಿಸಿದೆ. ಸಂಜೆ ಐದಕ್ಕೆ ಮುಗಿಯಿತು.

ಅವ್ವ ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬಂದಳು. ಅಪ್ಪ ಗಾಡಿ ಹತ್ತಿಸಿದರು. ನಡುವಿಗೆ ಹೋಗುವಾಗ ಹಲಗೆ ಕೆಳಗೆ ಹೋಗಿ ಮೇಲೆ ಬಂತು, ಆಚೆ ದಡ ಸೇರೋ ಹೊತ್ತಿಗೆ ಇಡೀ ಸೇತುವೆ ಒಂದೇ ಸಮ ಕುಣೀತಿತ್ತು. ಆಚೆ ನಿಂತು ಅಪ್ಪ ಕೂಗಿದ್ದು: "ಸೇತುವೆ ಮಾಡು ಅಂದ್ರೆ ಉಯ್ಯಾಲೆ ಮಾಡ್‌ಬುಟ್ಟಿದ್ದೀಯಲ್ಲಾ!"

ಫೆಬ್ರವರಿ 16. ಅಳತೆ

ಎಷ್ಟು ಬಾಗುತ್ತೆ ಅಂತ ಅಳೆಯೋಕೆ ಬೇಕಾದ್ದು ಒಂದು ನೈಲಾನ್ ದಾರ, ಒಂದು ಸ್ಟೀಲ್ ಸ್ಕೇಲು. ಎರಡೂ ದಡದಲ್ಲಿ ಗೂಟ ಹೊಡೆದು ದಾರ ಬಿಗಿದೆ. ಚಾನೆಲ್ಲಿನ ನಡುವೆ ಸ್ಕೇಲನ್ನು ನೇರ ನಿಲ್ಲಿಸಿ, ದಾರ ಎಲ್ಲಿಗೆ ಬರುತ್ತೆ ನೋಡೋದು. ಅಷ್ಟೇ.

ಏನೂ ಇಡದೆಯೇ ನಡುವೆ 23 ಮಿಲಿಮೀಟರ್ ಜೋಲಿತ್ತು. ಅದು ಸೇತುವೆಯ ಸ್ವಂತ ಭಾರಕ್ಕೆ. ಆಮೇಲೆ ನಾಲ್ಕು ಯೂರಿಯಾ ಮೂಟೆ ನಡುವೆ ಇಟ್ಟೆ. ಇನ್ನೂ 31 ಮಿಲಿಮೀಟರ್ ಇಳಿಯಿತು. ಒಟ್ಟು 54. ಎರಡು ಇಂಚಿಗಿಂತ ಜಾಸ್ತಿ.

ಈಗ ಕೂತು ಲೆಕ್ಕ ಹಾಕಿದೆ, ಅಂಗಡಿಯಲ್ಲೇ ಹಾಕಬೇಕಿದ್ದಿದ್ದನ್ನು. ನಡುವೆ ಬಿದ್ದ ಭಾರಕ್ಕೆ ಬಾಗು ಎಷ್ಟು ಅನ್ನೋ ಸೂತ್ರ ಡಿಪ್ಲೊಮಾ ಓದಿದವರಿಗೆ ನಿದ್ದೆಯಲ್ಲೂ ಬರುತ್ತೆ: ಭಾರ ಗುಣಿಸು ಉದ್ದದ ಘನ, ಕೆಳಗೆ 48 ಇಐ. ಇ ಅಂದರೆ ಉಕ್ಕಿನ ಬಿಗಿತ, ಐ ಅಂದರೆ ತೊಲೆಯ ಆಕಾರ ಬಾಗನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ. ಎರಡು ಚಾನೆಲ್ಲಿನ ಐ 152 ಸೆಂಟಿಮೀಟರ್ ನಾಲ್ಕನೇ ಘಾತ. 200 ಕೆಜಿಗೆ 29 ಮಿಲಿಮೀಟರ್ ಬಂತು. ಅಳತೆಗೆ ಹತ್ತಿರ ಇದೆ ಅಂತ ಖುಷಿಯಾಯ್ತು. ಆ ಖುಷಿ ಒಂದು ವಾರ ಇತ್ತು.

ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800ರಲ್ಲಿ ಇಂಥ ನೆಲದ ತೊಲೆಗೆ ಉದ್ದದ 300ನೇ ಒಂದು ಭಾಗದಷ್ಟು ಬಾಗು ಅಂತ ಮಿತಿ ಇದೆ. ನಮ್ಮ 6 ಮೀಟರಿಗೆ ಅದು 20 ಮಿಲಿಮೀಟರ್. ನನ್ನದು ಅದನ್ನು ದಾಟಿತ್ತು. ನಿಂತ ಭಾರಕ್ಕೇ ಹೀಗೆ, ಓಡೋ ಗಾಡಿಗೆ ಇನ್ನೂ ಜಾಸ್ತಿ.

ಫೆಬ್ರವರಿ 23. ಅಳತೆಯೇ ತಪ್ಪು

ಎರಡು ತಪ್ಪು ಒಂದನ್ನೊಂದು ಮುಚ್ಚಿ ಹಾಕಿದ್ದವು.

ಮೊದಲನೆಯದು, ಯೂರಿಯಾ ಮೂಟೆ 50 ಕೆಜಿ ಅಂದುಕೊಂಡಿದ್ದೆ. ಅದು ಹಳೇ ಕಾಲದ ಮಾತು. ಚೀಲದ ಮೇಲೆ ದೊಡ್ಡದಾಗಿ 45 ಅಂತ ಬರೆದಿದೆ, ನಾನು ಓದಿರಲಿಲ್ಲ. ಹಾಗಾಗಿ ನಡುವೆ ಇದ್ದದ್ದು 180 ಕೆಜಿ. ಅದಕ್ಕೆ ಲೆಕ್ಕದ ಬಾಗು 26, ಅಳತೆ 31. ಐದು ಮಿಲಿಮೀಟರ್ ಎಲ್ಲಿಂದ ಬಂತು?

ಎರಡನೆಯದು, ದಾರವನ್ನು ಗೂಟಕ್ಕೆ ಕಟ್ಟಿದ್ದೆ, ಚಾನೆಲ್ಲಿನ ತುದಿಗಲ್ಲ. ತುದಿಗಳೇ ಕೆಳಗೆ ಹೋದರೆ ಅದೂ ಬಾಗಿನ ಲೆಕ್ಕಕ್ಕೆ ಸೇರಿಬಿಡುತ್ತೆ. ಈ ಸಲ ಮೂರು ಕಡೆ ಅಳೆದೆ. ಮೂಟೆ ಇಟ್ಟಾಗ ಮನೆ ಕಡೆ ತುದಿ 2 ಮಿಲಿಮೀಟರ್, ಗದ್ದೆ ಕಡೆ ತುದಿ 6 ಮಿಲಿಮೀಟರ್ ಕುಸಿದಿತ್ತು. ನಡುವಿಗೆ ಅದರ ಸರಾಸರಿ 4. ಅಂದರೆ ನಿಜವಾದ ಬಾಗು 27. ಈಗ ಲೆಕ್ಕಕ್ಕೂ ಅಳತೆಗೂ ಒಂದೇ ಮಿಲಿಮೀಟರ್ ವ್ಯತ್ಯಾಸ.

ಗದ್ದೆ ಕಡೆಯ ಸೈಜುಗಲ್ಲಿನ ಕೆಳಗೆ ಕೈ ಹಾಕಿ ನೋಡಿದೆ. ಮಣ್ಣು ಕೆಸರಿನ ಹಾಗೆ ಮೆತ್ತಗಿತ್ತು. ಒತ್ತಿದರೆ ಬೆರಳಿನ ಗುರುತು ಉಳಿಯುತ್ತಿತ್ತು.

ಫೆಬ್ರವರಿ 26. ಶಿವರಾತ್ರಿ ಜಾಗರಣೆ

ರಾತ್ರಿ ಎಚ್ಚರ ಇರಬೇಕಲ್ಲ. ಮದುವೆ ಕಾಗದವೊಂದರ ಹಿಂದೆ ದಾರಿಗಳನ್ನು ಬರೆದೆ.

ಮೂರನೇ ಚಾನೆಲ್ ಸೇರಿಸೋದು: 27 ಇದ್ದದ್ದು 18 ಆಗುತ್ತೆ. ಮಿತಿಯೊಳಗೆ ಬರುತ್ತೆ, ಕುಣಿಯೋದು ನಿಲ್ಲಲ್ಲ.

ಕಾಲುವೆ ನಡುವೆ ಒಂದು ಕಂಬ: ಉದ್ದ ಅರ್ಧ ಆದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆ ನೋಡಿದವರಿಗೆ ಇದು ಗೊತ್ತು. ಕಲ್ಲಿನ ಕಂಬ ಒತ್ತೊತ್ತಾಗಿ ನೆಟ್ಟು ಮೇಲೆ ಕಲ್ಲಿನ ತೊಲೆ. ಕಲ್ಲು ಬಾಗಲ್ಲ, ಬಾಗೋ ಮೊದಲೇ ಬಿರುಕು ಬಿಡುತ್ತೆ, ಅದಕ್ಕೆ ಅಂತರ ಕಡಿಮೆ. ಆದರೆ ನಮ್ಮ ಕಾಲುವೆಯಲ್ಲಿ ನಡುವೆ ಏನೇ ನೆಟ್ಟರೂ ಜೊಂಡು, ಸೋಗೆ, ಸತ್ತ ಬಾಳೆಗಿಡ ಎಲ್ಲ ಬಂದು ಸಿಕ್ಕಿಕೊಳ್ಳುತ್ತೆ. ಆಮೇಲೆ ಮೇಲಿನ ಗದ್ದೆಯವರ ಜೊತೆ ಜಗಳ. ಬೇಡ.

ಕೆಳಗಿನಿಂದ ಸರಳು ಬಿಗಿಯೋದು: ಅದಕ್ಕೂ ಜೊಂಡಿನದೇ ತೊಂದರೆ.

ಹೇಗಿದ್ದರೂ ಕೈ ಹಿಡಿಯೋಕೆ ಕಂಬಿ ಬೇಕಿತ್ತು. ಆ ಕಂಬಿಯನ್ನೇ ಟ್ರಸ್, ಅಂದರೆ ತ್ರಿಕೋನಗಳಾಗಿ ಬೆಸೆದ ಚೌಕಟ್ಟು, ಮಾಡಿದರೆ? ಚಾನೆಲ್ಲೇ ಟ್ರಸ್ಸಿನ ಕೆಳಗಿನ ತೊಲೆ. ಮೇಲೆ 900 ಮಿಲಿಮೀಟರ್ ಎತ್ತರದಲ್ಲಿ ಒಂದು ಪೈಪು. ಮೀಟರಿಗೊಂದು ನಿಲುವು, ಆರು ಮನೆ (ಮನೆ ಅಂದರೆ ಒಂದೊಂದು ಮೀಟರಿನ ಅಂಕಣ), ನಡುವಿನ ನಾಲ್ಕು ಮನೆಗೆ ಒಂದೊಂದು ಓರೆ ಪಟ್ಟಿ, ತುದಿಯ ಎರಡಕ್ಕೆ ಓರೆ ಪೈಪು.

ಲೆಕ್ಕ ಸುಲಭ. 200 ಕೆಜಿಯಲ್ಲಿ ಒಂದು ಟ್ರಸ್ಸಿಗೆ 100, ಒಂದೊಂದು ತುದಿಗೆ 50. ಓರೆಯ ಉದ್ದ 1.345 ಮೀಟರ್, ಎತ್ತರ 0.9. ಓರೆ ಪಟ್ಟಿಗೆ ಬರುವ ಬಲ 50 ಗುಣಿಸು 1.345 ಭಾಗಿಸು 0.9, ಅಂದರೆ 75 ಕೆಜಿ. ನಡುವಿನಲ್ಲಿ ಮೇಲಿನ ಪೈಪಿಗೆ 167 ಕೆಜಿ. ಇಷ್ಟೇನಾ ಅನ್ನಿಸ್ತು. 75 ಕೆಜಿಗೆ 25 ಅಗಲ 5 ದಪ್ಪದ ಪಟ್ಟಿ ಧಾರಾಳ, ಅದನ್ನು ಎಳೆದು ಮಣಿಸಬೇಕಾದರೇ ಮೂರು ಟನ್ ಬೇಕು.

ಕಾಗದದಲ್ಲಿ ಓರೆಯ ಪಕ್ಕ "75" ಅಂತ ಬರೆದೆ. ಎಳೆತವೋ ಒತ್ತಡವೋ ಬರೆಯಲಿಲ್ಲ. ಪ್ಲಸ್ಸು, ಮೈನಸ್ಸು ಯಾವುದೂ ಇಲ್ಲ. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ಮಾರ್ಚ್ 2. ಪಾಯ

ಎರಡೂ ಕಡೆ ಸೈಜುಗಲ್ಲು ಕಿತ್ತು, ಗಟ್ಟಿ ಮಣ್ಣು ಸಿಗೋವರೆಗೆ ಅಗೆದು, 1.2 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್. ನಾಲ್ಕು ಮೂಟೆ ಸಿಮೆಂಟು 1,640, ಜಲ್ಲಿ ಮತ್ತು ಎಂ-ಸ್ಯಾಂಡ್ 1,500. ಒಂದು ತುದಿಯ ಬೋಲ್ಟಿಗೆ ಉದ್ದ ತೂತು ಬಿಟ್ಟೆ, ಬಿಸಿಲಿಗೆ ಕಬ್ಬಿಣ ಎರಡು ಮಿಲಿಮೀಟರ್ ಬೆಳೆದರೂ ಜಾಗ ಇರಲಿ ಅಂತ. ವಾರವೆಲ್ಲ ಗೋಣಿಚೀಲ ಹೊದಿಸಿ ನೀರು ಹಾಕೋ ಕೆಲಸ ಅವ್ವನದು.

ಮಾರ್ಚ್ 9. ವೆಲ್ಡಿಂಗ್

40ಕ್ಕೆ 40, 2 ಮಿಲಿಮೀಟರ್ ದಪ್ಪದ ಸ್ಕ್ವೇರ್ ಪೈಪು ನಾಲ್ಕು ಉದ್ದ, 55 ಕೆಜಿ, 3,960 ರೂಪಾಯಿ. ಪಟ್ಟಿ ಎರಡು ಉದ್ದ, 780. ಗೇಟು ಕಿಟಕಿ ಮಾಡೋ ನಮ್ಮೂರಿನ ಹುಡುಗ ಬಂದ, ದಿನಕ್ಕೆ 900. ಮನೆಯಿಂದ 60 ಮೀಟರ್ ವೈರ್ ಎಳೆದು ಮಷೀನು ಹಾಕಿದೆವು. ಕಿಡಿ ಹಾರೋದು, ರಾಡು ಅಂಟಿಕೊಳ್ಳೋದು, ಅಷ್ಟೇ. ವೈರಿನಲ್ಲೇ ವೋಲ್ಟೇಜ್ ಸೋರಿ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಬಾಡಿಗೆ ಜನರೇಟರ್ ತಂದೆ, ದಿನಕ್ಕೆ 1,200.

ಇನ್ನೊಂದು: 3.15ರ ರಾಡು 2 ಮಿಲಿಮೀಟರ್ ಪೈಪಿಗೆ ಹಾಕಿದರೆ ಪೈಪು ತೂತಾಗುತ್ತೆ. ಮೂರು ತೂತು ಆದ ಮೇಲೆ 2.5ರ ರಾಡು ತರಿಸಿದೆ.

ಮೊದಲೇ 23 ಮಿಲಿಮೀಟರ್ ಜೋಲಿರುವ ಚಾನೆಲ್ಲಿಗೆ ಹಾಗೇ ಟ್ರಸ್ ಬೆಸೆದರೆ ಜೋಲು ಶಾಶ್ವತ. ಅದಕ್ಕೆ ಕಾಲುವೆ ತಳದಲ್ಲಿ ಚಪ್ಪಡಿ ಕಲ್ಲು ಹಾಕಿ, ಅದರ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಟ್ರಾಕ್ಟರ್ ಜಾಕಿಯಿಂದ ನಡುವನ್ನು ಮೇಲೆತ್ತಿದೆ. ದಾರಕ್ಕಿಂತ 10 ಮಿಲಿಮೀಟರ್ ಮೇಲೆ ಬರೋವರೆಗೆ. ಚಪ್ಪಡಿ ಹಾಕದೆ ಮೊದಲ ಸಲ ಎತ್ತಿದಾಗ ಸೇತುವೆ ಮೇಲೆ ಬರಲಿಲ್ಲ, ಜಾಕಿ ಕೆಸರಿಗೆ ಇಳಿಯಿತು.

ನಿಲುವು, ಮೇಲಿನ ಪೈಪು, ತುದಿಯ ಓರೆ ಪೈಪು ಎಲ್ಲ ಆಯ್ತು. ಪಟ್ಟಿ ಹಾಕೋ ಹೊತ್ತಿಗೆ ಹುಡುಗ ಕೇಳಿದ, "ಅಣ್ಣ, ಯಾವ ಕಡೆಗೆ ಓರೆ?" ನಾನು ಕಾಗದ ನೋಡಲಿಲ್ಲ. ಹೆಂಚಿನ ಮನೆಯ ಮಾಡು ಕಣ್ಣ ಮುಂದೆ ಬಂತು. ಎರಡೂ ಕಡೆಯಿಂದ ಏರಿ ನಡುವೆ ಕೂಡುತ್ತೆ, ಅಲ್ವಾ? ಹಾಗೇ ಹಾಕು ಅಂದೆ. ಪಟ್ಟಿಯ ಕೆಳ ತುದಿ ದಡದ ಕಡೆ, ಮೇಲಿನ ತುದಿ ನಡುವಿನ ಕಡೆ.

ಮಾರ್ಚ್ 16. ಹೊಟ್ಟೆ ಬಿಟ್ಟ ಪಟ್ಟಿ

ಬೆಳಗ್ಗೆ ಎಂಟಕ್ಕೆ ಜಾಕಿ ಇಳಿಸಿದೆ. ನಿಧಾನಕ್ಕೆ, ಕಾಲು ಸುತ್ತು, ಕಾಲು ಸುತ್ತು. ದಡದ ಕಡೆ ನಿಂತಿದ್ದ ಹುಡುಗ ಕೂಗಿದ: "ಅಣ್ಣ, ಪಟ್ಟಿ ಹೊಟ್ಟೆ ಬುಟ್ಟದೆ ನೋಡು!"

ಹೋಗಿ ನೋಡಿದೆ. ತುದಿಯಿಂದ ಎರಡನೇ ಮನೆಯ ಪಟ್ಟಿ, ನಾಲ್ಕೂ, ಹೊರಕ್ಕೆ ಬಿಲ್ಲಿನ ಹಾಗೆ ಬಾಗಿದ್ದವು. ಒಂದಕ್ಕೆ ಸ್ಕೇಲು ಹಿಡಿದೆ, ನಡುವೆ 12 ಮಿಲಿಮೀಟರ್. ಬೆರಳಿಂದ ಒತ್ತಿದರೆ ಒಳಕ್ಕೆ ಹೋಗಿ ಟಕ್ ಅಂತ ಇನ್ನೊಂದು ಪಕ್ಕಕ್ಕೆ ನೆಗೆಯುತ್ತಿತ್ತು. ಬೆಸುಗೆಯ ಹತ್ತಿರ ಕಪ್ಪು ಪೊರೆ ಚಕ್ಕೆ ಚಕ್ಕೆಯಾಗಿ ಉದುರಿತ್ತು. ಮೂಟೆ ಇನ್ನೂ ಇಟ್ಟಿರಲಿಲ್ಲ. ಬರೀ ಸೇತುವೆಯ ಭಾರಕ್ಕೇ ಹೀಗೆ.

ಆದದ್ದಾಗಲಿ ಅಂತ ಮೂಟೆ ಇಟ್ಟೆ. ನಾಲ್ಕು ಮೂಟೆಗೆ 9 ಮಿಲಿಮೀಟರ್. ಆರು ಮೂಟೆಗೆ 16, ಆಗ ನಡುವಿನ ಮನೆಗಳ ಪಟ್ಟಿಯೂ ಬಾಗಿತು. 27ಕ್ಕಿಂತ 9 ಎಷ್ಟೋ ವಾಸಿ, ಬಿಟ್ಟುಬಿಡೋಣ ಅಂತ ಹುಡುಗ ಅಂದ. ನನಗೂ ಒಂದು ಕ್ಷಣ ಆಸೆ ಆಯ್ತು. ಬಾಗಿದ ಪಟ್ಟಿ ಎಷ್ಟು ಹೊರುತ್ತೆ ಅನ್ನೋದು ನನ್ನ ಕೈಯಲ್ಲಿಲ್ಲ, ಬಿಟ್ಟರೆ ನಿದ್ದೆ ಬರಲ್ಲ.

ಜಗಲಿ ಮೇಲೆ ಕೂತು ಪೊರಕೆ ಕಡ್ಡಿ, ಸೈಕಲ್ ಟ್ಯೂಬಿನ ಚೂರು, ಹೊಲಿಗೆ ದಾರದಲ್ಲಿ ಒಂದು ಪುಟ್ಟ ಟ್ರಸ್ ಮಾಡಿದೆ. ಓರೆಯ ಜಾಗಕ್ಕೆಲ್ಲ ಕಡ್ಡಿ ಬದಲು ದಾರ. ಮಾಡಿನ ಹಾಗೆ ನಡುವಿಗೆ ಏರಿಸಿ ಕಟ್ಟಿ, ನಡುವೆ ಬೆರಳಿಟ್ಟು ಒತ್ತಿದೆ. ದಾರ ಸಡಿಲ ಬಿತ್ತು, ಟ್ರಸ್ ಕುಸಿಯಿತು. ತಿರುಗಿಸಿ, ಮೇಲಿನ ತುದಿ ದಡದ ಕಡೆಗೂ ಕೆಳ ತುದಿ ನಡುವಿಗೂ ಬರುವ ಹಾಗೆ ಕಟ್ಟಿದೆ. ಒತ್ತಿದರೆ ದಾರ ತಂತಿಯ ಹಾಗೆ ಬಿಗಿಯಿತು. ಹತ್ತು ನಿಮಿಷದ ಕೆಲಸ. ಇದನ್ನು ಶಿವರಾತ್ರಿ ದಿನವೇ ಮಾಡಬಹುದಿತ್ತು.

ಪಟ್ಟಿಯೂ ಆ ದಾರದ ಜಾತಿಯದೇ. 75 ಕೆಜಿ ಎಳೆತವಾದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದೇ 75 ಕೆಜಿ ಒತ್ತಡವಾದರೆ? ಉದ್ದನೆಯ ಪಟ್ಟಿ ಎಷ್ಟು ಒತ್ತಡಕ್ಕೆ ಪಕ್ಕಕ್ಕೆ ಬಾಗುತ್ತೆ ಅಂತ ಹೇಳೋ ಆಯ್ಲರ್ ಸೂತ್ರ ಹಾಕಿದೆ. 5 ಮಿಲಿಮೀಟರ್ ದಪ್ಪ, 1.345 ಮೀಟರ್ ಉದ್ದದ ಪಟ್ಟಿ, ತುದಿಗಳು ಸಡಿಲವಾಗಿದ್ದರೆ ಬರೀ 29 ಕೆಜಿಗೆ ಬಾಗುತ್ತೆ. ನನ್ನದು ಬೆಸೆದ ತುದಿ, ಸ್ವಲ್ಪ ಜಾಸ್ತಿ ತಡೆಯುತ್ತೆ, ಆದರೂ 70 ದಾಟಲ್ಲ. ಎರಡನೇ ಮನೆಗೆ ಸೇತುವೆಯ ಸ್ವಂತ ಭಾರದಿಂದಲೇ 54 ಕೆಜಿ ಬರುತ್ತಿತ್ತು. ಲೆಕ್ಕ ಮೊದಲೇ ಎಲ್ಲ ಹೇಳಿತ್ತು, ನಾನು ಅರ್ಧ ಬರೆದುಕೊಂಡಿದ್ದೆ.

ತುದಿಯ ಓರೆ ಮಾತ್ರ ಒತ್ತಡದ್ದೇ. ಅಲ್ಲಿ ಪೈಪು ಹಾಕಿದ್ದೆ, ಅದೂ ಲೆಕ್ಕ ಮಾಡಿ ಹಾಕಿದ್ದಲ್ಲ, ಚೆಂದ ಕಾಣುತ್ತೆ ಅಂತ.

ಮಾರ್ಚ್ 23. ಮತ್ತೆ ಮೊದಲಿಂದ

ಜಾಕಿ ಮತ್ತೆ ಮೇಲೆ. ಎಂಟು ಪಟ್ಟಿಯನ್ನೂ ಗ್ರೈಂಡರಿನಿಂದ ಕತ್ತರಿಸಿ ತೆಗೆದೆವು. ಬಾಗಿದ ಪಟ್ಟಿಯನ್ನು ಬಡಿದು ನೇರ ಮಾಡಿ ವಾಪಸ್ ಹಾಕೋಣ ಅಂತ ಹುಡುಗ ಎರಡನ್ನು ಬಡಿದ. ಅವು ಹಾವಿನ ಹಾಗೆ ಆದವು. ಡೊಂಕು ಪಟ್ಟಿಯನ್ನು ಎಳೆತಕ್ಕೆ ಹಾಕಿದರೆ ಮೊದಲು ಅದು ನೇರ ಆಗುತ್ತೆ, ಆಮೇಲೆ ಹೊರೆ ಹೊರುತ್ತೆ. ನೇರ ಆಗೋವಷ್ಟು ಹೊತ್ತು ಸೇತುವೆ ಇಳಿಯುತ್ತೆ. ಹೊಸ ಪಟ್ಟಿ ತಂದೆ, ಮತ್ತೆ 780.

ಈ ಸಲ ಚಾಕ್‌ಪೀಸಿನಲ್ಲಿ ಪ್ರತಿ ಮನೆಯ ಮೇಲೂ ಬಾಣ ಬರೆದೆ, ಎಳೆತಕ್ಕೆ ಹೊರಮುಖ ಬಾಣ, ಒತ್ತಡಕ್ಕೆ ಒಳಮುಖ ಬಾಣ. ಹುಡುಗನಿಗೂ ಅರ್ಥ ಆಯ್ತು, ಒಂದು ಕಡೆ ನಾನು ತಪ್ಪು ಬರೆದದ್ದನ್ನು ಅವನೇ ತಿದ್ದಿದ.

ಜಾಕಿ ಇಳಿಸಿದಾಗ ಪಟ್ಟಿಗಳ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಸಡಿಲವಾಗಿ ನಡುಗುತ್ತಿದ್ದದ್ದು ಬರಬರುತ್ತ ಗಟ್ಟಿಯಾಯ್ತು. ಸ್ಪ್ಯಾನರಿನಿಂದ ತಟ್ಟಿ ನೋಡಿದೆ. ದಡದ ಕಡೆಯವು ಟಣ್ ಅಂತ ಏರು ದನಿ, ನಡುವಿನವು ಟಪ್ ಅಂತ ಇಳಿ ದನಿ. ಲೆಕ್ಕದಲ್ಲೂ ಸ್ವಂತ ಭಾರಕ್ಕೆ ದಡದ ಕಡೆಯವಕ್ಕೆ ನಡುವಿನವುಗಳ ಮೂರು ಪಟ್ಟು ಎಳೆತ. ಒಂದು ಪಟ್ಟಿ ಮಾತ್ರ ಜೊತೆಯವುಗಳಿಗಿಂತ ಮಂಕಾಗಿ ಕೇಳಿಸಿತು. ನೋಡಿದರೆ ಬೆಸುಗೆ ಒಂದು ಪಕ್ಕ ಹಿಡಿದೇ ಇರಲಿಲ್ಲ, ಮೇಲೆ ಬರೀ ಕಿಟ್ಟ ಕೂತಿತ್ತು. ಕೆರೆದು ಮತ್ತೆ ಬೆಸೆಯಿಸಿದೆ.

ಮಾರ್ಚ್ 30. ಯುಗಾದಿ ದಿನ ಮೂಟೆ

ಹಬ್ಬದ ದಿನ ಮೂಟೆ ಹೊರೋದು ಬೇಡ ಅಂದಳು ಅವ್ವ. ಒಬ್ಬಟ್ಟು ತಿಂದ ಮೇಲೆ ಮೆಲ್ಲಗೆ ಹೋಗಿ ಇಟ್ಟೆ.

ನಾಲ್ಕು ಮೂಟೆಗೆ 2 ಮಿಲಿಮೀಟರ್. ಆರು ಮೂಟೆಗೆ 3. ತುದಿಗಳಲ್ಲಿ ಸ್ಕೇಲಿಗೆ ಕಾಣುವಷ್ಟು ಕುಸಿತವೇ ಇಲ್ಲ. ನಂಬಿಕೆ ಬರದೆ ದಾರ ಬಿಚ್ಚಿ ಮತ್ತೆ ಕಟ್ಟಿ ಅಳೆದೆ. ಅಷ್ಟೇ ಬಂತು.

ಲೆಕ್ಕದ ಪ್ರಕಾರ ನಾಲ್ಕು ಮೂಟೆಗೆ 0.3 ಮಿಲಿಮೀಟರಿಗಿಂತ ಜಾಸ್ತಿ ಬರಬಾರದು. ಒಂದೊಂದು ಭಾಗ ಎಷ್ಟು ಹಿಗ್ಗುತ್ತೆ, ಕುಗ್ಗುತ್ತೆ ಅಂತ ಕೂಡಿಸಿದರೆ ಸಿಗೋದು ಅದು. ನನ್ನ ಅಳತೆ ಅದರ ಆರೇಳು ಪಟ್ಟು. ಕಾಗದದ ಟ್ರಸ್ಸಿನಲ್ಲಿ ಗೆರೆಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ನನ್ನದರಲ್ಲಿ ಪಟ್ಟಿ ನಿಲುವಿನಿಂದ 50, 60 ಮಿಲಿಮೀಟರ್ ಪಕ್ಕಕ್ಕೆ ಬೆಸೆದಿದೆ, ಅಲ್ಲಿ ಚಾನೆಲ್ಲೂ ಪೈಪೂ ಸ್ವಲ್ಪ ಸ್ವಲ್ಪ ಬಾಗುತ್ತವೆ. ಬೆಸುಗೆ ಬಿಸಿಗೆ ಪಟ್ಟಿಗಳೂ ಅಲ್ಪಸ್ವಲ್ಪ ಅಲೆಯಾಗಿವೆ. ಜೊತೆಗೆ ದಾರ, ಸ್ಕೇಲಿನ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತೆ. 27 ಇದ್ದದ್ದು 2 ಆಗಿದೆ, ಇದಕ್ಕಿಂತ ತಲೆ ಕೆಡಿಸಿಕೊಳ್ಳಲಿಲ್ಲ.

ಅಪ್ಪ ಗಾಡಿಯಲ್ಲಿ ಹೋಗಿ ಬಂದರು. ಏನೂ ಅನ್ನಲಿಲ್ಲ. ಎರಡನೇ ಸಲ ಹೋದರು. ನಮ್ಮಪ್ಪನ ಲೆಕ್ಕದಲ್ಲಿ ಅದು ಮೆಚ್ಚುಗೆ.

ಏಪ್ರಿಲ್ 6. ಅಡ್ಡಾಡುವ ಕಂಬಿ

ಹೊಸ ತೊಂದರೆ. ಕಂಬಿಗೆ ಒರಗಿದರೆ ಮೇಲಿನ ಪೈಪು ಪಕ್ಕಕ್ಕೆ ಒಂದು ಇಂಚು ವಾಲುತ್ತೆ. ಮೇಲೆ ಕೆಳಗೆ ಗಟ್ಟಿ, ಪಕ್ಕಕ್ಕೆ ಮೆತ್ತಗೆ. ಮೇಲಿನ ಪೈಪಿಗೆ ಇರೋದು ಒತ್ತಡ, ಅದು ಪಕ್ಕಕ್ಕೆ ಬಾಗಿ ಹೋಗಬಹುದು ಅನ್ನೋ ಭಯ ಪಟ್ಟಿ ನೋಡಿದ ಮೇಲೆ ಜಾಸ್ತಿಯಾಗಿತ್ತು. ಲೆಕ್ಕ ಹಾಕಿದೆ. 4 ಮೀಟರ್ ಉದ್ದಕ್ಕೂ ಯಾವ ಆಸರೆ ಇಲ್ಲ ಅಂದುಕೊಂಡರೂ ಆ ಪೈಪು 900 ಕೆಜಿ ತಡೆಯುತ್ತೆ, ಬರೋದು 167. ಸ್ವಂತ ಭಾರ ಸೇರಿಸಿದರೂ ಅದರ ಅರ್ಧ ಮುಟ್ಟಲ್ಲ. ಅಪಾಯ ಇಲ್ಲ. ಆದರೆ ವಾಲೋ ಕಂಬಿ ಹಿಡಿದುಕೊಂಡು ಅವ್ವ ಹೇಗೆ ದಾಟ್ತಾಳೆ?

ಮೂರು ನಿಲುವುಗಳ ಹತ್ತಿರ ಅಡ್ಡ ಆಂಗಲನ್ನು ಎರಡೂ ಕಡೆ 400 ಮಿಲಿಮೀಟರ್ ಹೊರಕ್ಕೆ ಬೆಳೆಸಿ, ಅದರ ತುದಿಯಿಂದ ನಿಲುವಿಗೆ ಓರೆಯಾಗಿ ಊರುಗಾಲು ಕೊಟ್ಟೆ. ಆರು ಊರುಗಾಲು. ಆಂಗಲ್ ಎಲ್ಲ ಸೇರಿ ಮೂರು ಉದ್ದ ಆಯ್ತು, 3,564. ಈಗ ಜೋರಾಗಿ ಅಲ್ಲಾಡಿಸಿದರೆ ಮೇಲಿನ ಪೈಪು 3 ಮಿಲಿಮೀಟರ್ ಅಲುಗುತ್ತೆ. ಮಧ್ಯಾಹ್ನದ ಮೇಲೆ ರೆಡ್ ಆಕ್ಸೈಡ್ ಒಂದು ಕೋಟು, ಬಣ್ಣ ಎರಡು ಕೋಟು, 1,150.

ಒಟ್ಟು ಖರ್ಚು, ರಾಡು, ಟೆಂಪೊ ಬಾಡಿಗೆ ಎಲ್ಲ ಸೇರಿ 30,438. ಅದರಲ್ಲಿ ಓರೆ ತಿರುಗಿಸಿದ ತಪ್ಪಿನ ಬೆಲೆ ಪಟ್ಟಿ 780, ಹುಡುಗನ ಕೂಲಿ 900, ಜನರೇಟರ್ 1,200. ಒಟ್ಟು 2,880. ಅಂಗಡಿಯಲ್ಲೇ 100ರ ಚಾನೆಲ್ ತಂದು, ಸುಮ್ನೆ ಒಂದು ಕಂಬಿ ಹಾಕಿದ್ದರೆ? ಬಾಗು 11ರ ಹತ್ತಿರ ಇರುತ್ತಿತ್ತು, ಹತ್ತು ಸಾವಿರ ಉಳಿಯುತ್ತಿತ್ತು. ಯಾರಾದರೂ ನನ್ನನ್ನು ಕೇಳಿದರೆ ಅದನ್ನೇ ಹೇಳ್ತೀನಿ.

ಆಗಸ್ಟ್ 3. ನೀರು ಬಂದ ಮೇಲೆ

ಕಾಲುವೆ ತುಂಬಿ ಹರೀತಿದೆ. ನೀರು ಚಾನೆಲ್ಲಿನಿಂದ ಒಂದೂವರೆ ಅಡಿ ಕೆಳಗೆ. ಜೊಂಡು ಯಾವುದಕ್ಕೂ ಸಿಕ್ಕಿಕೊಳ್ಳದೆ ಹೋಗ್ತಿದೆ. ನಾಲ್ಕು ಮೂಟೆ ಇಟ್ಟು ಮತ್ತೆ ಅಳೆದೆ, 2 ಮಿಲಿಮೀಟರ್. ಪಟ್ಟಿ ಚಾನೆಲ್ಲಿಗೆ ಸೇರೋ ಮೂಲೆಯಲ್ಲಿ ಮಳೆನೀರು ನಿಂತು ಎರಡು ಕಡೆ ತುಕ್ಕು ಕಾಣಿಸಿದೆ, ದಸರಾಕ್ಕೆ ಕೆರೆದು ಬಣ್ಣ ಹಚ್ಚಬೇಕು. ಸೋಗೆ ಹೊರೆ ದೊಡ್ಡದಾದರೆ ಕಂಬಿಗೆ ಉಜ್ಜುತ್ತೆ, ಅದಕ್ಕೆ ಏನೂ ಮಾಡೋಕಾಗಲ್ಲ.

ಎಮ್ಮೆ ದಾಟಿಸಬಹುದಾ ಅಂತ ಅಪ್ಪ ಕೇಳಿದರು. 450 ಕೆಜಿ ಅಂತ ಹಿಡಿದು ಪೂರ್ತಿ ಲೆಕ್ಕ ಹಾಕಿದೆ. ಪಟ್ಟಿ, ಪೈಪು, ಹಲಗೆ, ಪಾಯ, ಎಲ್ಲದಕ್ಕೂ ಈ ಸಲ ಪ್ಲಸ್ಸು ಮೈನಸ್ಸು ಹಾಕಿ. ಒಂದೊಂದಾಗಿ ದಾಟಿಸಬಹುದು ಅಂದೆ. ಅಪ್ಪ ಹಗ್ಗ ಹಿಡಿದು ಮುಂದೆ ಹೋದರು. ಎಮ್ಮೆ ಮುಂಗಾಲು ಮೊದಲ ಹಲಗೆ ಮೇಲಿಟ್ಟಿತು. ಹಲಗೆ ಸಂದಿನಲ್ಲಿ ಹರಿಯೋ ನೀರು ನೋಡಿತು. ಕಾಲು ಹಿಂದಕ್ಕೆ ತೆಗೆದು ಪಕ್ಕದ ಇಳಿಜಾರಲ್ಲಿ ಇಳಿದು, ಈಜಿಕೊಂಡು ಆಚೆ ದಡಕ್ಕೆ ಹೋಯ್ತು.